ಹಾಡುತ್ತಾ ಹಾಡುತ್ತಾ ರಾಗ

(ಮುಳ್ಳೂರಿನ ಸಂಜೆ ಕಲಿಕಾ ಕೇಂದ್ರದಲ್ಲಿ, ಮೊದಲ ಪುಸ್ತಕ ಮುಗಿಸಿದವರ ಮುಂದೆ ಆಡಿದ ಮಾತು)

ನೀವು ಮೊದಲ ಪುಸ್ತಕ ಮುಗಿಸಿದ್ದೀರಿ. ಗದ್ದೆ ಕೆಲಸ ಮುಗಿಸಿ, ಹಟ್ಟಿ ಕೆಲಸ ಮುಗಿಸಿ, ಸ್ಲೇಟು ಹಿಡಿದು ಇಲ್ಲಿಗೆ ಬಂದಿರಿ. ನಿದ್ದೆ ಎಳೆಯುತ್ತಿದ್ದರೂ ಕುಳಿತಿರಿ. ಇದು ಸಣ್ಣ ಕೆಲಸವಲ್ಲ. ಆದರೆ ಇವತ್ತು ನಾವು ಬರೀ ಹೊಗಳಿ ಹೋಗೋದಕ್ಕೆ ಬಂದಿಲ್ಲ. ಒಂದು ಮಾತು ನಮ್ಮ ಮನಸ್ಸಿನಲ್ಲಿ ಕೊರೆಯುತ್ತಾ ಇದೆ. ಅದನ್ನು ನಿಮ್ಮ ಮುಂದೆ ಇಡುತ್ತೇವೆ.

ಒಬ್ಬ ತಾಯಿಯ ಮಾತು

ಈ ಕೇಂದ್ರ ಶುರುವಾದಾಗ ಒಬ್ಬ ತಾಯಿ ಬರುತ್ತಿದ್ದರು. ಹೆಸರು ಬೇಡ. ಹದಿನೈದು ದಿನ ತಪ್ಪದೆ ಬಂದರು. 'ವ' ಯಾವುದು, 'ಮ' ಯಾವುದು ಅಂತ ಅವರಿಗೆ ಗಲಿಬಿಲಿ. ಪಕ್ಕದಲ್ಲಿ ಕುಳಿತ ಚಿಕ್ಕ ವಯಸ್ಸಿನವರು ಬೇಗ ಬೇಗ ಓದಿದರು. ಆಮೇಲೆ ಆ ತಾಯಿ ಬರುವುದನ್ನೇ ಬಿಟ್ಟರು.

ಒಂದು ಸಂಜೆ ನಾವು ಅವರ ಮನೆಗೆ ಹೋದೆವು. ರೇಷ್ಮೆ ಹುಳು ಹಣ್ಣಾಗುವ ಹೊತ್ತು. ಅವರು ತಟ್ಟೆಯಿಂದ ಒಂದೊಂದೇ ಹುಳು ಎತ್ತುತ್ತಿದ್ದರು. ತೋಳು ಚಾಚಿ ಬಲ್ಬಿನ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಹಣ್ಣಾಗಿದ್ದರೆ ಚಂದ್ರಿಕೆಗೆ ಬಿಡುತ್ತಿದ್ದರು. ಇಲ್ಲದಿದ್ದರೆ ಮತ್ತೆ ಸೊಪ್ಪಿಗೆ ಹಾಕುತ್ತಿದ್ದರು.

"ಯಾಕಕ್ಕ, ಬರ್ತಾನೇ ಇಲ್ಲವಲ್ಲ?" ಅಂದೆವು.

"ನಮ್ಮಂತೋರ ತಲಗ ಎಲ್ಲಿ ಹತ್ತದು ಕನಪ್ಪ? ವಿದ್ಯೆ ಅನ್ನೋದು ಹುಟ್ಟುತ್ತಲೇ ಪಡ್ಕಂಡು ಬಂದಿರ್ಬೇಕು" ಅಂದರು. ಆಮೇಲೆ ಚಂದ್ರಿಕೆ ಜೋಡಿಸುತ್ತಿದ್ದ ಮಗಳ ಕಡೆ ನೋಡಿದರು. "ಇವಳೂ ನನ್ನಂಗೇ ದಡ್ಡಿ. ಆರನೇ ಕ್ಲಾಸು. ಲೆಕ್ಕ ಬರಲ್ಲ. ಮುಂದಿನ ವರ್ಷ ಸ್ಕೂಲು ಬುಡಿಸ್ಬುಟ್ಟು ಮನೇಲೇ ಇಟ್ಕತೀನಿ" ಅಂದರು.

ಆ ಹುಡುಗಿ ತಲೆ ಎತ್ತಲಿಲ್ಲ.

ನೋಡಿ, ಆ ಒಂದು ಮಾತು ತಾಯಿಯ ಓದು ಬಿಡಿಸಿತು. ಈಗ ಅದೇ ಮಾತು ಮಗಳ ಓದನ್ನೂ ಬಿಡಿಸಲು ಹೊರಟಿದೆ. ಆದ್ದರಿಂದ ಇವತ್ತು ನಾವು ನೀವು ಕೂಡಿ ಕೇಳೋಣ. ಬುದ್ಧಿ ಹುಟ್ಟಿನಿಂದಲೇ ಬರುತ್ತದೆಯೋ? ದುಡಿಮೆಯಿಂದ ಬೆಳೆಯುತ್ತದೆಯೋ?

ಹುಳು ಕಲಿಸಿದ ಪಾಠ

ಮೊದಲು ಆ ತಾಯಿಯ ಕೈಯನ್ನೇ ನೋಡೋಣ. ನಮ್ಮ ಕೊಳ್ಳೇಗಾಲ ರೇಷ್ಮೆಗೆ ಹೆಸರಾದ ಊರು. ಈ ಸೀಮೆಯಲ್ಲಿ ಹುಳು ಸಾಕುವುದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತು. ಹುಳು ಸುಮಾರು 25 ದಿನ ಸೊಪ್ಪು ತಿನ್ನುತ್ತದೆ. ಅದರ ನಡುವೆ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಪೊರೆ ಬಿಡುತ್ತದೆ. ಜ್ವರದಲ್ಲಿ ಸೊಪ್ಪು ಹಾಕಬಾರದು. ಎದ್ದ ಮೇಲೆ ತಡ ಮಾಡಬಾರದು. ಮನೆ ಕಾವು ಹೆಚ್ಚಬಾರದು, ತೇವ ಹೆಚ್ಚಬಾರದು. ಹಣ್ಣಾದ ಹುಳುವನ್ನು ಹೊತ್ತಿಗೆ ಸರಿಯಾಗಿ ಚಂದ್ರಿಕೆಗೆ ಬಿಡಬೇಕು. ಬೇಗ ಬಿಟ್ಟರೂ ನಷ್ಟ, ತಡವಾದರೂ ನಷ್ಟ.

ಈ ಬುದ್ಧಿ ಆ ತಾಯಿಗೆ ಹುಟ್ಟುವಾಗಲೇ ಬಂತೇ? ಇಲ್ಲ. ಚಿಕ್ಕಂದಿನಲ್ಲಿ ಅವ್ವನ ಪಕ್ಕ ಕುಳಿತು ನೋಡಿದರು. ತಪ್ಪು ಮಾಡಿದರು. ಬೈಸಿಕೊಂಡರು. ಬೆಳೆ ಕೆಟ್ಟಾಗ ಯಾಕೆ ಕೆಟ್ಟಿತು ಅಂತ ಯೋಚಿಸಿದರು. ವರ್ಷ ವರ್ಷ ಮಾಡುತ್ತಾ ಕಣ್ಣು ಪಳಗಿತು. ಬೆಂಗಳೂರಿನಿಂದ ದೊಡ್ಡ ಓದು ಓದಿದವರನ್ನು ಕರೆತಂದು ಆ ತಟ್ಟೆಯ ಮುಂದೆ ಕೂರಿಸಿ. ಮೊದಲ ದಿನ ಅವರಿಗೆ ಹಣ್ಣು ಹುಳು ಯಾವುದು, ಕಾಯಿ ಹುಳು ಯಾವುದು ಅಂತ ತಿಳಿಯದು. ಅವರಿಗೆ ಅದು 'ವ' ಮತ್ತು 'ಮ' ಇದ್ದ ಹಾಗೆ!

ಹಾಗಾದರೆ ಅವರು ದಡ್ಡರೇ? ಅಲ್ಲ. ಅವರಿಗೆ ಅಭ್ಯಾಸ ಇಲ್ಲ, ಅಷ್ಟೇ. ಆ ತಾಯಿಯೂ ದಡ್ಡರಲ್ಲ. ಅವರಿಗೆ ಅಕ್ಷರದ ಅಭ್ಯಾಸ ಇಲ್ಲ, ಅಷ್ಟೇ.

ರಕ್ತವೋ, ಮನೆಯೋ?

ಕೆಲವರು ಹೇಳುತ್ತಾರೆ: "ಅದು ರಕ್ತದಲ್ಲೇ ಬರಬೇಕು." ಇದಕ್ಕೆ ನಮ್ಮ ಸೀಮೆಯವರ ಕತೆಯನ್ನೇ ಹೇಳೋಣ. ಡಾ. ರಾಜಕುಮಾರ್ ಗೊತ್ತಲ್ಲ? ನಮ್ಮ ಅಣ್ಣಾವ್ರು. ಅವರ ತಂದೆ ಪುಟ್ಟಸ್ವಾಮಯ್ಯನವರು ಇದೇ ಕೊಳ್ಳೇಗಾಲ ಸೀಮೆಯ ಸಿಂಗಾನಲ್ಲೂರಿನವರು. ಅಣ್ಣಾವ್ರು ಹುಟ್ಟಿದ್ದು 1929ರಲ್ಲಿ, ತಾಳವಾಡಿ ಬಳಿಯ ಗಾಜನೂರಿನಲ್ಲಿ. ಆಗ ಅವರ ಹೆಸರು ಮುತ್ತುರಾಜ. ಮನೆಯಲ್ಲಿ ಬಡತನ. ಶಾಲೆ ಓದು ನಾಲ್ಕನೇ ತರಗತಿಯನ್ನು ದಾಟಲಿಲ್ಲ.

ಅಪ್ಪ ನಾಟಕ ಕಂಪನಿಯ ಕಲಾವಿದರು. ಹುಡುಗ ಅಪ್ಪನ ಹಿಂದೆ ಕಂಪನಿ ಸೇರಿದ. ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಸಣ್ಣ ಸಣ್ಣ ಪಾತ್ರ ಮಾಡಿದ. ದೊಡ್ಡವರ ಮಾತು ಕೇಳಿದ, ಹಾಡು ಕೇಳಿದ. ಮತ್ತೆ ಮತ್ತೆ ಹೇಳಿ ನಾಲಿಗೆ ತಿದ್ದಿಕೊಂಡ. 'ಬೇಡರ ಕಣ್ಣಪ್ಪ' ಸಿನಿಮಾ ಬಂದದ್ದು 1954ರಲ್ಲಿ. ಆಗ ಅವರಿಗೆ 25 ವರ್ಷ. ಅದರ ಹಿಂದೆ ನಾಟಕ ಕಂಪನಿಯ ವರ್ಷಗಳ ದುಡಿಮೆ ಇತ್ತು. ಮುಂದೆ ಅವರ ಕನ್ನಡ ಎಷ್ಟು ಸ್ಪಷ್ಟ, ಎಷ್ಟು ಚೆಂದ ಅಂತ ಎಲ್ಲರೂ ಹೊಗಳಿದರು. 1976ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 'ಜೀವನ ಚೈತ್ರ' ಚಿತ್ರದಲ್ಲಿ ಹಾಡಿದ್ದಕ್ಕೆ ರಾಷ್ಟ್ರ ಪ್ರಶಸ್ತಿ ಬಂತು. ಆಗ ಅವರಿಗೆ ಅರವತ್ತು ದಾಟಿತ್ತು.

"ಅಪ್ಪ ಕಲಾವಿದ. ಅದಕ್ಕೇ ಮಗನಿಗೂ ಬಂತು" ಅನ್ನಬಹುದು. ಒಳ್ಳೆಯ ಕಂಠ ಹುಟ್ಟಿನಿಂದ ಬಂದಿರಬಹುದು. ನಾವು ಅಲ್ಲಗಳೆಯುವುದಿಲ್ಲ. ಆದರೆ ಇನ್ನೊಂದು ಬಂತಲ್ಲ? ಮನೆ ತುಂಬ ಹಾಡು ಇತ್ತು, ಮಾತು ಇತ್ತು. ಹುಳು ಸಾಕುವ ಮನೆಯ ಮಗುವಿಗೆ ಹುಳು ತಿಳಿಯುತ್ತದೆ. ನೇಯುವ ಮನೆಯ ಮಗುವಿಗೆ ಎಳೆ ತಿಳಿಯುತ್ತದೆ. ಓದುವ ಮನೆಯ ಮಗುವಿಗೆ ಶಾಲೆಗೆ ಹೋಗುವ ಮೊದಲೇ ಪುಸ್ತಕ ಗೊತ್ತಿರುತ್ತದೆ. ಶಾಲೆಯಲ್ಲಿ ಅದು ಬೇಗ ಉತ್ತರ ಹೇಳುತ್ತದೆ. ನಾವು "ಜಾಣ ಮಗು" ಅನ್ನುತ್ತೇವೆ. ಪುಸ್ತಕ ಇಲ್ಲದ ಮನೆಯ ಮಗು ತಡವರಿಸುತ್ತದೆ. "ದಡ್ಡ" ಅನ್ನುತ್ತೇವೆ. ಮನೆಯಿಂದ ಬಂದದ್ದನ್ನು ನಾವು ರಕ್ತದಿಂದ ಬಂತು ಅಂತ ತಿಳಿದುಬಿಡುತ್ತೇವೆ.

ಚಿಕ್ಕಲ್ಲೂರು ಜಾತ್ರೆ ನೋಡಿದವರು ಇಲ್ಲಿ ಎಷ್ಟು ಜನ ಇಲ್ಲ! ನೀಲಗಾರರು ತಂಬೂರಿ ಹಿಡಿದು ರಾತ್ರಿಯೆಲ್ಲ ಮಂಟೇಸ್ವಾಮಿ ಕತೆ ಹಾಡುತ್ತಾರೆ. ದೇವರಗುಡ್ಡರು ಕಂಸಾಳೆ ಹಿಡಿದು ಮಾದಪ್ಪನ ಕತೆ ಹಾಡುತ್ತಾರೆ. ಅವರಲ್ಲಿ ಎಷ್ಟೋ ಮಂದಿಗೆ ಅಕ್ಷರ ಬರುತ್ತಿರಲಿಲ್ಲ. ಆದರೂ ಸಾವಿರಾರು ಸಾಲು ಬಾಯಲ್ಲಿ ಇತ್ತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ 1997ರಲ್ಲಿ ಆ ಕತೆಗಳನ್ನು ದಪ್ಪ ದಪ್ಪ ಪುಸ್ತಕ ಮಾಡಿ ಅಚ್ಚು ಹಾಕಿಸಿತು. ಅಷ್ಟು ದೊಡ್ಡ ಕಾವ್ಯ ಅವರ ತಲೆಗೆ ಹೇಗೆ ಹತ್ತಿತು? ಗುರುವಿನ ಹಿಂದೆ ಕುಳಿತು ಸೊಲ್ಲು ಹಿಡಿದು ಹತ್ತಿತು. ಹಾಡುತ್ತಾ ಹಾಡುತ್ತಾ ರಾಗ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ಸಂಚಿ ಹೊತ್ತ ಕೈ

ಇನ್ನೊಬ್ಬರು ನಮ್ಮ ಪಕ್ಕದ ಯಳಂದೂರಿನ ಹೆಣ್ಣುಮಗಳು. ಹೆಸರು ಹೊನ್ನಮ್ಮ. ಮುನ್ನೂರು ವರ್ಷಕ್ಕೂ ಹಿಂದಿನ ಮಾತು. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು ಆಳುತ್ತಿದ್ದರು. ಅವರ ಅರಮನೆಯಲ್ಲಿ ಹೊನ್ನಮ್ಮ ಊಳಿಗದವಳು. ಎಲೆ ಅಡಿಕೆಯ ಸಂಚಿ ಹಿಡಿಯುವುದು ಅವಳ ಕೆಲಸ. ಅದಕ್ಕೇ ಸಂಚಿ ಹೊನ್ನಮ್ಮ ಅಂತ ಹೆಸರಾಯಿತು.

ಅರಮನೆಯಲ್ಲಿ ಕವಿಗಳು ಓದುತ್ತಿದ್ದರು, ಹಾಡುತ್ತಿದ್ದರು. ಸಂಚಿ ಹಿಡಿದವಳ ಕಿವಿಗೂ ಅದು ಬಿತ್ತು. ಅಲ್ಲಿನ ಪಂಡಿತ ಅಳಸಿಂಗರಾರ್ಯರು ಅವಳಿಗೆ ಗುರುವಾದರು. ಹೊನ್ನಮ್ಮ ಕಲಿತಳು. 'ಹದಿಬದೆಯ ಧರ್ಮ' ಎಂಬ ಕಾವ್ಯವನ್ನೇ ಬರೆದಳು. ಅದರಲ್ಲಿ ಗಂಡನ ಮನೆಯಲ್ಲಿ ಹೆಣ್ಣು ಹೇಗಿರಬೇಕು ಅಂತ ಹಳೆಯ ಕಾಲದ ಮಾತು ಬಹಳ ಇದೆ. ಆದರೆ ಹೆಣ್ಣನ್ನು ಕೀಳಾಗಿ ನೋಡುವವರಿಗೆ ಕೇಳಿದ ಖಡಕ್ಕು ಪ್ರಶ್ನೆಯೂ ಇದೆ. ಹೆತ್ತವಳೂ ಸಾಕಿದವಳೂ ಹೆಣ್ಣೇ ಅಲ್ಲವೇ ಅಂತ ಕೇಳುತ್ತಾಳೆ. ಇಂದಿಗೂ ಆ ಮಾತನ್ನು ಜನ ನೆನೆಯುತ್ತಾರೆ.

ಹೊನ್ನಮ್ಮನಿಗೆ ಒಳ್ಳೆಯ ತಲೆ ಇತ್ತು. ದುಡಿಮೆಯೂ ಇತ್ತು. ಮೂರನೆಯದೊಂದು ಇತ್ತು. ಕಲಿಯುವ ಅವಕಾಶ ಸಿಕ್ಕಿತು, ಕಲಿಸುವ ಗುರು ಸಿಕ್ಕಿದರು. ಯಳಂದೂರಿನಲ್ಲಿ ಅಂತಹ ತಲೆ ಅವಳೊಬ್ಬಳಿಗೇ ಇತ್ತೇ? ಇನ್ನೆಷ್ಟು ಹೊನ್ನಮ್ಮಂದಿರು ಸಂಚಿ ಹಿಡಿದೇ ಮುದುಕಿಯರಾದರೋ! ಅವರ ಹೆಸರನ್ನು ಬರೆದಿಟ್ಟವರೂ ಇಲ್ಲ.

ಕಾವೇರಿ ನಮ್ಮ ಊರ ಪಕ್ಕದಲ್ಲೇ ಹರಿಯುತ್ತಾಳೆ. ಆದರೆ ಕಾಲುವೆ ತೋಡದಿದ್ದರೆ ನೀರು ಗದ್ದೆಗೆ ಬರುತ್ತದೆಯೇ? ಹುಟ್ಟಿನ ಬುದ್ಧಿ ಹೊಳೆಯ ನೀರಿನಂತೆ. ಅವಕಾಶ ಕಾಲುವೆಯಂತೆ. ದುಡಿಮೆ ಉಳುವ ಕೈಯಂತೆ. ಮೂರೂ ಕೂಡಿದರೆ ಬೆಳೆ.

ಸ್ಲೇಟಿನ ಮೇಲೆ ಲೆಕ್ಕ

"ಹುಟ್ಟಿನಿಂದಲೇ ಮಹಾ ಬುದ್ಧಿವಂತರು ಇಲ್ಲವೇ?" ಅಂತ ನೀವು ಕೇಳಬಹುದು. ಇದ್ದಾರೆ. ಎಲ್ಲರೂ ಹುಟ್ಟಿನಿಂದ ಒಂದೇ ಸಮ ಅಂತ ನಾವು ಸುಳ್ಳು ಹೇಳುವುದಿಲ್ಲ. ಒಬ್ಬ ತಾಯಿಯ ಇಬ್ಬರು ಮಕ್ಕಳೇ ಒಂದೇ ಸಮ ಇರುವುದಿಲ್ಲ.

ಲೆಕ್ಕದಲ್ಲಿ ಲೋಕಕ್ಕೇ ಹೆಸರಾದ ಶ್ರೀನಿವಾಸ ರಾಮಾನುಜನ್ ಹುಟ್ಟಿದ್ದು 1887ರಲ್ಲಿ, ಈರೋಡಿನಲ್ಲಿ. ಆಗ ಈರೋಡು, ನಮ್ಮ ಕೊಳ್ಳೇಗಾಲ ಎರಡೂ ಒಂದೇ ಕೊಯಮತ್ತೂರು ಜಿಲ್ಲೆಯಲ್ಲಿ ಇದ್ದವು. ನಾವು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ರಾಮಾನುಜನ್ ಬೆಳೆದದ್ದು ಕುಂಭಕೋಣದಲ್ಲಿ. ಅವರಿಗೆ ಹುಟ್ಟಿನಿಂದಲೇ ಅಪಾರ ಬುದ್ಧಿ ಇತ್ತು ಅಂತ ಎಲ್ಲರೂ ಹೇಳುತ್ತಾರೆ. ನಿಜವೇ ಇರಬೇಕು. ಆದರೆ ಅವರು ಕೈ ಕಟ್ಟಿ ಕೂರಲಿಲ್ಲ. ಹದಿನಾರರ ವಯಸ್ಸಿನಲ್ಲಿ ಸಾವಿರಾರು ಸೂತ್ರಗಳಿದ್ದ ಒಂದು ಪುಸ್ತಕ ಸಿಕ್ಕಿತು. ಅದನ್ನು ಹಿಡಿದು ಒಂದೊಂದೇ ಲೆಕ್ಕ ಬಿಡಿಸುತ್ತಾ ಹೋದರು. ಕಾಗದಕ್ಕೆ ದುಡ್ಡಿಲ್ಲ. ನೀವು ಹಿಡಿದಿದ್ದೀರಲ್ಲ, ಅಂಥದ್ದೇ ಸ್ಲೇಟು. ಬರೆಯೋದು, ಮೊಣಕೈಯಿಂದ ಒರೆಸೋದು, ಮತ್ತೆ ಬರೆಯೋದು. ಸರಿ ಬಂದದ್ದನ್ನು ಮಾತ್ರ ನೋಟ್ ಪುಸ್ತಕಕ್ಕೆ ಇಳಿಸೋದು.

ಅವರೂ ಪರೀಕ್ಷೆಯಲ್ಲಿ ಫೇಲಾದರು! ಲೆಕ್ಕ ಬಿಟ್ಟು ಬೇರೆ ವಿಷಯ ಓದಲಿಲ್ಲ. ಕಾಲೇಜಿನ ವಿದ್ಯಾರ್ಥಿವೇತನವೂ ಹೋಯಿತು. ಮದರಾಸಿನಲ್ಲಿ ಗುಮಾಸ್ತೆ ಕೆಲಸಕ್ಕೆ ಸೇರಿದರು. 1913ರಲ್ಲಿ ಇಂಗ್ಲೆಂಡಿನ ಹಾರ್ಡಿ ಎಂಬ ಪಂಡಿತರಿಗೆ ಕಾಗದ ಬರೆದರು. ಅವರು ಕರೆಸಿಕೊಂಡರು. ಹುಟ್ಟಿನ ಬುದ್ಧಿಯ ದೊಡ್ಡ ಸಾಕ್ಷಿ ಅಂತ ನಾವು ತೋರಿಸುವ ಮನುಷ್ಯನ ಕತೆಯಲ್ಲೂ ಸವೆದ ಸ್ಲೇಟು ಇದೆ, ಕೈ ಹಿಡಿದ ಗುರು ಇದ್ದಾರೆ.

ತಲೆ ಅಳೆಯುವ ಕೋಲು

ಬುದ್ಧಿಯನ್ನು ಅಳೆಯುವ ಪರೀಕ್ಷೆಗಳೂ ಇವೆ. ಇದನ್ನು 1905ರಲ್ಲಿ ಫ್ರಾನ್ಸ್ ದೇಶದ ಆಲ್ಫ್ರೆಡ್ ಬಿನೆ ಎಂಬುವರು, ಸಂಗಡಿಗ ಸಿಮೋನ್ ಜೊತೆ ಸೇರಿ ಮಾಡಿದರು. ಯಾಕೆ ಗೊತ್ತೇ? ಶಾಲೆಯಲ್ಲಿ ಹಿಂದೆ ಬಿದ್ದ ಮಕ್ಕಳು ಯಾರು ಅಂತ ತಿಳಿದು, ಅವರಿಗೆ ಹೆಚ್ಚು ಸಹಾಯ ಮಾಡೋದಕ್ಕೆ. ಬುದ್ಧಿ ಹುಟ್ಟಿದಷ್ಟೇ, ಬೆಳೆಯದು ಅನ್ನುವ ಮಾತನ್ನು ಬಿನೆ ಒಪ್ಪಲಿಲ್ಲ. ಅಭ್ಯಾಸದಿಂದ, ಒಳ್ಳೆಯ ಪಾಠದಿಂದ ಬುದ್ಧಿ ಹೆಚ್ಚುತ್ತದೆ ಅಂತ ಅವರೇ ಬರೆದರು. ನಮ್ಮ ದೇಶದಲ್ಲಿ ಕಾಮತ್ ಎಂಬುವರು ಆ ಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದರು.

ಆದರೆ ಬೇರೆ ಕಡೆ ಕೆಲವರು ಆ ಪರೀಕ್ಷೆಯನ್ನೇ ಹಿಡಿದು, ಈ ಜನಕ್ಕೆ ಬುದ್ಧಿ ಕಡಿಮೆ, ಆ ಜನಕ್ಕೆ ಬುದ್ಧಿ ಕಡಿಮೆ ಅಂತ ಮುದ್ರೆ ಒತ್ತಿದರು. ಸಹಾಯಕ್ಕೆ ಮಾಡಿದ ಕೋಲು ಹೊಡೆಯುವ ಕೋಲಾಯಿತು.

ನಮ್ಮಲ್ಲಿ ಅದಕ್ಕಿಂತ ಹಳೆಯ ಮುದ್ರೆ ಇತ್ತು. ಜಾತಿ ನೋಡಿ, ಹೆಣ್ಣು ಗಂಡು ನೋಡಿ ವಿದ್ಯೆಯ ಬಾಗಿಲು ಮುಚ್ಚಿದರು. ಬಾಗಿಲು ಮುಚ್ಚಿದವರೇ ಆಮೇಲೆ "ಇವರಿಗೆ ತಲೆ ಇಲ್ಲ" ಅಂದರು. ಬಾಬಾ ಸಾಹೇಬ್ ಅಂಬೇಡ್ಕರ್ ಅವರು ಹುಡುಗನಾಗಿದ್ದಾಗ ತರಗತಿಯಲ್ಲಿ ಬೇರೆ ಕೂರಬೇಕಿತ್ತು. ಕೂರಲು ಗೋಣಿತಟ್ಟು ಮನೆಯಿಂದ ಒಯ್ಯಬೇಕಿತ್ತು. ಶಾಲೆಯ ನೀರು ಮುಟ್ಟುವಂತಿರಲಿಲ್ಲ. ಅವರು ಹಗಲಿರುಳು ಓದಿದರು. ಬರೋಡದ ಮಹಾರಾಜರು ವಿದ್ಯಾರ್ಥಿವೇತನ ಕೊಟ್ಟರು. ಅಮೆರಿಕಾದಲ್ಲಿ, ಲಂಡನ್ನಿನಲ್ಲಿ ಓದಿ ಬಂದು, ಸಂವಿಧಾನದ ಕರಡು ಸಮಿತಿಗೆ ಅಧ್ಯಕ್ಷರಾದರು. ಕುಲ ನೋಡಿ ತಲೆ ಅಳೆದವರಿಗೆ ಇದಕ್ಕಿಂತ ಉತ್ತರ ಬೇಕೇ?

2011ರ ಜನಗಣತಿಯಲ್ಲಿ ನಮ್ಮ ಚಾಮರಾಜನಗರ ಜಿಲ್ಲೆಯಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಸುಮಾರು 61 ಮಂದಿ. ಇಡೀ ಕರ್ನಾಟಕದಲ್ಲಿ ಸುಮಾರು 75 ಮಂದಿ. ಹಾಗಾದರೆ ನಮ್ಮ ಜಿಲ್ಲೆಯಲ್ಲಿ ಹುಟ್ಟಿದವರಿಗೆ ತಲೆ ಕಡಿಮೆಯೇ? ಅಲ್ಲವೇ ಅಲ್ಲ. ಇಲ್ಲಿ ಕಾಲುವೆ ಕಡಿಮೆ.

ವಯಸ್ಸಾದ ತಲೆ

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಅಂತ ಗಾದೆ ಇದೆ. ಮರಕ್ಕೆ ಅದು ಸರಿ. ಮನುಷ್ಯರ ಮೆದುಳಿಗೆ ಅಷ್ಟು ಸರಿಯಲ್ಲ. ಉತ್ತರ ಪ್ರದೇಶದ ಲಕ್ನೋ ಬಳಿಯ ಹಳ್ಳಿಗಳಲ್ಲಿ ವಿಜ್ಞಾನಿಗಳು ಒಂದು ಪರೀಕ್ಷೆ ಮಾಡಿದರು. ಅಕ್ಷರ ಬಾರದ ದೊಡ್ಡವರಿಗೆ ಆರು ತಿಂಗಳು ಓದು ಕಲಿಸಿದರು. ಅವರಲ್ಲಿ ಹೆಚ್ಚಿನವರು ಹೆಂಗಸರು. ಕಲಿಯುವ ಮೊದಲು ಮೆದುಳಿನ ಚಿತ್ರ ತೆಗೆದರು, ಕಲಿತ ಮೇಲೂ ತೆಗೆದರು. ನೋಡಿದ್ದನ್ನು ಗುರುತಿಸುವ ಮೆದುಳಿನ ಭಾಗಗಳ ನಡುವೆ ಹೊಂದಾಣಿಕೆ ಹೆಚ್ಚಿತ್ತು. 2017ರಲ್ಲಿ ಇದನ್ನು ಪ್ರಕಟಿಸಿದರು. ಅಂದರೆ, ನೀವು ಅಕ್ಷರ ತಿದ್ದುವಾಗ ಸ್ಲೇಟು ಮಾತ್ರ ತುಂಬುವುದಿಲ್ಲ. ತಲೆಯ ಒಳಗೂ ಕೆಲಸ ನಡೆಯುತ್ತದೆ.

ಕೇರಳದ ಕಾರ್ತ್ಯಾಯಿನಿ ಅಮ್ಮ ಎಂಬ ಅಜ್ಜಿ 2018ರಲ್ಲಿ ಸಾಕ್ಷರತಾ ಪರೀಕ್ಷೆಗೆ ಕೂತರು. ವಯಸ್ಸು 96. ನೂರಕ್ಕೆ 98 ಅಂಕ ಬಂತು! ನಮ್ಮಲ್ಲಿ ನಲವತ್ತು ದಾಟಿದವರು "ಇನ್ನೇನು ಓದೋದು" ಅಂತೀರಲ್ಲ, ಆ ಅಜ್ಜಿಯ ಲೆಕ್ಕದಲ್ಲಿ ನೀವು ಇನ್ನೂ ಮಕ್ಕಳು.

ಹೇಗೆ ದುಡಿಯಬೇಕು?

ಸುಮ್ಮನೆ ಹೊತ್ತು ಕಳೆದರೆ ಕಲಿಕೆ ಆಗದು. ಅದಕ್ಕೂ ದಾರಿ ಇದೆ.

ಒಂದು, ದಿನವೂ ಸ್ವಲ್ಪ ಓದಿ. ಭಾನುವಾರ ಮೂರು ಗಂಟೆ ಓದಿ ಆರು ದಿನ ಬಿಡುವುದಕ್ಕಿಂತ, ದಿನವೂ ಅರ್ಧ ಗಂಟೆ ಓದುವುದು ಮೇಲು. ಹನಿ ಹನಿ ಕೂಡಿದರೆ ಹಳ್ಳ.

ಎರಡು, ಬರುವುದನ್ನೇ ಬರೆಯುತ್ತಾ ಕೂರಬೇಡಿ. ಬಾರದ ಅಕ್ಷರವನ್ನು ಹುಡುಕಿ ತಿದ್ದಿ. ತಪ್ಪಾದರೆ ನಾಚಿಕೆ ಬೇಡ.

ಮೂರು, ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ನೋಡಿ. ಕಲಿತದ್ದನ್ನು ಮನೆಯಲ್ಲಿ ಇನ್ನೊಬ್ಬರಿಗೆ ಹೇಳಿಕೊಡಿ.

ನಾಲ್ಕು, ಬಸ್ಸಿನ ಬೋರ್ಡು, ಬ್ಯಾಂಕಿನ ಚೀಟಿ, ಔಷಧದ ಡಬ್ಬಿ, ಮೊಬೈಲು, ಎಲ್ಲೆಲ್ಲಿ ಅಕ್ಷರ ಕಂಡರೂ ಓದಿ.

ಐದು, ನಲವತ್ತರ ಮೇಲೆ ಹತ್ತಿರದ ಅಕ್ಷರ ಮಬ್ಬಾಗುತ್ತದೆ. ಇದಕ್ಕೆ ಚಾಳೀಸು ಅನ್ನುತ್ತೇವೆ. ಕಣ್ಣು ತೋರಿಸಿ ಕನ್ನಡಕ ಹಾಕಿಕೊಳ್ಳಿ. ಆ ತಾಯಿ ಹುಳುವನ್ನು ತೋಳು ಚಾಚಿ ನೋಡುತ್ತಿದ್ದರು ಅಂದೆವಲ್ಲ? ಅವರ ತೊಂದರೆ ತಲೆಯದ್ದೋ, ಕಣ್ಣಿನದ್ದೋ? ನಾವು ಅಂದು ಅದನ್ನು ಕೇಳಲೇ ಇಲ್ಲ. ಅದು ನಮ್ಮ ತಪ್ಪು.

ಮಕ್ಕಳ ವಿಷಯದಲ್ಲೂ ಇದೇ ಮಾತು. ಕೆಲವು ಮಕ್ಕಳಿಗೆ ಕಣ್ಣು ಕಾಣುವುದಿಲ್ಲ, ಕಿವಿ ಕೇಳುವುದಿಲ್ಲ. ಕೆಲವರಿಗೆ ಅಕ್ಷರಗಳು ಹಿಂದೆ ಮುಂದೆ ಆಗುತ್ತವೆ. ಅವರಿಗೆ ಬೇರೆ ರೀತಿಯ ಪಾಠ ಬೇಕು. ಬೈಗುಳ ಬೇಡ. "ನೀನು ದಡ್ಡ" ಅಂದರೆ ಮಗು ಪ್ರಯತ್ನ ಬಿಡುತ್ತದೆ. "ನೀನು ಬಲು ಜಾಣ" ಅಂತ ಬರೀ ಹೊಗಳಿದರೂ ತಪ್ಪಿಗೆ ಹೆದರಬಹುದು. "ಎಲ್ಲಿ ಗೊತ್ತಾಗಲಿಲ್ಲ? ತೋರಿಸು. ಕೂಡಿ ನೋಡೋಣ" ಅನ್ನಿ. ನಿಮಗೆ ಲೆಕ್ಕ ಬಾರದಿದ್ದರೂ ಪಕ್ಕದಲ್ಲಿ ಕೂರಬಹುದು.

ನಾಳೆಯ ಕೆಲಸ

ಆ ತಾಯಿ ಇನ್ನೂ ಕೇಂದ್ರಕ್ಕೆ ಬಂದಿಲ್ಲ. ಆ ಹುಡುಗಿಯ ಹೆಸರು ಇನ್ನೂ ಶಾಲೆಯ ಹಾಜರಿ ಪುಸ್ತಕದಲ್ಲಿದೆ. ಮುಂದಿನ ವರ್ಷ ಇರುತ್ತದೋ ಇಲ್ಲವೋ, ಅದು ನಮ್ಮ ಕೈಯಲ್ಲೂ ಇದೆ. ಆ ಹುಡುಗಿ ರಾಮಾನುಜನ್ ಆಗದೇ ಇರಬಹುದು. ಆಗಬೇಕಾಗಿಯೂ ಇಲ್ಲ. ಅವಳು ಎಷ್ಟು ದೂರ ಹೋಗಬಲ್ಲಳು ಅಂತ ಹೆಜ್ಜೆ ಇಡುವ ಮೊದಲೇ ಹೇಳಲು ನಾವು ಯಾರು?

ನಾಳೆ ಸಂಜೆ ನಾವು ಅವರ ಮನೆಗೆ ಹೋಗುತ್ತೇವೆ. ನಿಮ್ಮಲ್ಲಿ ನಾಲ್ಕು ಮಂದಿ ಜೊತೆಗೆ ಬನ್ನಿ. ನಾವು ಹೇಳಿದರೆ ಅವರು ಕೇಳಲಿಕ್ಕಿಲ್ಲ. ನಿನ್ನೆ ಮೊನ್ನೆ ತಾನೇ 'ವ' ಮತ್ತು 'ಮ' ಕಲಿತ ನೀವು ಹೇಳಿದರೆ ಕೇಳುತ್ತಾರೆ.

ಕೂಡಿ ಮಾತಾಡೋಣ

1. ನೀವು ಚೆನ್ನಾಗಿ ಬಲ್ಲ ಒಂದು ಕೆಲಸ ಯಾವುದು? ಅದನ್ನು ಕಲಿಯಲು ಎಷ್ಟು ದಿನ ಬೇಕಾಯಿತು?
2. ನಿಮ್ಮನ್ನು ಯಾರಾದರೂ ದಡ್ಡ ಅಂದಿದ್ದರೇ? ಆಗ ನೀವು ಏನು ಮಾಡಿದಿರಿ?
3. ನಿಮ್ಮ ಬೀದಿಯಲ್ಲಿ ಶಾಲೆ ಬಿಟ್ಟ ಮಕ್ಕಳು ಇದ್ದಾರೆಯೇ? ಯಾಕೆ ಬಿಟ್ಟರು? ಅವರಿಗಾಗಿ ನಾವು ಏನು ಮಾಡಬಹುದು?